ವಾಯಿದೆಯ ದಿನ

ವೈಶಾಖ ಶುದ್ಧ ತದಿಗೆಯ ದಿನ ಕರ್ನಾಟಕದ ದೊಡ್ಡ ಊರುಗಳ ಪೇಟೆಬೀದಿಯಲ್ಲಿ ಎರಡು ನೋಟ ಒಟ್ಟಿಗೆ ಕಾಣುತ್ತವೆ. ಚಿನ್ನದಂಗಡಿಗಳ ಮುಂದೆ ಬೆಳಿಗ್ಗೆಯಿಂದಲೇ ಜನ ಸಾಲುಗಟ್ಟಿರುತ್ತಾರೆ. ಅಕ್ಷಯ ತೃತೀಯದಂದು ಗುಂಜಿಯಷ್ಟು ಬಂಗಾರ ಕೊಂಡರೂ ಮನೆಯಲ್ಲಿ ಅದು ಬೆಳೆಯುತ್ತ ಹೋಗುತ್ತದೆ ಎಂಬ ನಂಬಿಕೆ. ಸ್ವಲ್ಪ ಹೊತ್ತಿಗೆ ಅದೇ ಬೀದಿಯಲ್ಲಿ ಡೊಳ್ಳು ಬಾರಿಸಿಕೊಂಡು ಬಸವಣ್ಣನವರ ಭಾವಚಿತ್ರದ ಮೆರವಣಿಗೆ ಬರುತ್ತದೆ, ಬಸವ ಜಯಂತಿಯೂ ಅಂದೇ. ವಾರ, ತಿಥಿ, ನಕ್ಷತ್ರ ನೋಡಿ ಶುಭಾಶುಭ ಎಣಿಸುವುದನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದ್ದರು. ಭಕ್ತನಿಗೆ ಎಲ್ಲ ದಿನವೂ ಒಂದೇ ಎಂಬ ಅರ್ಥದ ಮಾತು ವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂಥವರನ್ನು ನೆನೆಯುವ ದಿನ ಪಂಚಾಂಗದ ಮೂರೂವರೆ ಮುಹೂರ್ತಗಳಲ್ಲಿ ಒಂದಾಗಿ ಕುಳಿತಿದೆ! ನಗು ಬರುವಂಥ ಸಂಗತಿ, ಆದರೆ ನಕ್ಕು ಮುಂದೆ ಹೋಗುವಂಥದ್ದಲ್ಲ. ಎಲ್ಲ ದಿನಗಳೂ ಸಮವಾದರೆ ಯಾವುದೋ ಒಂದಕ್ಕೆ ಹೆಸರಿಟ್ಟು ಕರೆಯುವುದಕ್ಕೆ ಏನರ್ಥ? ರಾಷ್ಟ್ರೀಯ ದಿನ, ಅಂತರರಾಷ್ಟ್ರೀಯ ದಿನ, ಜಯಂತಿ, ಹುತಾತ್ಮರ ದಿನ ಎಂದು ಕ್ಯಾಲೆಂಡರಿನ ಮನೆಗಳನ್ನೆಲ್ಲ ತುಂಬಿಸಿಕೊಂಡಿರುವ ನಮ್ಮ ಕಾಲ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿದೆ.

ಈ ತಕರಾರು ಶರಣರದಷ್ಟೇ ಅಲ್ಲ. ದಿನ, ತಿಂಗಳು, ವರ್ಷಗಳನ್ನು ಲೆಕ್ಕವಿಟ್ಟು ಆಚರಿಸುವವರನ್ನು ಸಂತ ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಗದರಿಸಿದ್ದಾನೆ. ಅದನ್ನು ಶಿರಸಾ ವಹಿಸಿದ ಪ್ಯೂರಿಟನ್ ಪಂಥದ ಕ್ರೈಸ್ತರು ಕ್ರಿಸ್ತ ಹುಟ್ಟಿದ ತಾರೀಖು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ ಎಂದು ವಾದಿಸಿ (ಆ ಮಾತು ನಿಜವೇ) ಕ್ರಿಸ್‌ಮಸ್ಸನ್ನೇ ಕೈಬಿಟ್ಟರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡವಿತ್ತು. ಆದರೆ ಇದೇ ಜನ ಬೆಳೆ ಕೈಗೆ ಬಂದಾಗ ಕೃತಜ್ಞತೆಯ ದಿನ, ಬರವೋ ರೋಗವೋ ಬಂದಾಗ ಉಪವಾಸದ ದಿನ ಎಂದು ಸಾರಿ ಊರಿಗೆ ಊರೇ ಕೆಲಸ ನಿಲ್ಲಿಸಿ ಕೂಡುತ್ತಿತ್ತು. ಇತ್ತ ಶರಣರ ವಾರಸುದಾರರೂ ಹಾಗೆಯೇ. ‘ಧನುರ್ಧಾರಿ’ ಪತ್ರಿಕೆ ನಡೆಸುತ್ತಿದ್ದ ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ತೊಡಗಿದರು. ದಿನಗಳನ್ನು ಬಿಟ್ಟವರೂ ದಿನಕ್ಕೇ ಮರಳಿದರು. ಇದನ್ನು ಮನುಷ್ಯನ ದೌರ್ಬಲ್ಯ ಎಂದು ಬಿಟ್ಟುಬಿಡಬಹುದು. ನನಗೆ ಹಾಗೆ ಕಾಣುವುದಿಲ್ಲ. ಅವರು ಬಿಟ್ಟದ್ದೇ ಬೇರೆ, ಹಿಡಿದದ್ದೇ ಬೇರೆ. ಬಿಟ್ಟದ್ದು ಮುಹೂರ್ತವನ್ನು, ಹಿಡಿದದ್ದು ವಾಯಿದೆಯನ್ನು. ಮುಹೂರ್ತ ನೋಡುವವನು ಈ ದಿನ ನನಗೇನು ಕೊಡುತ್ತದೆ ಎಂದು ಕೇಳುತ್ತಾನೆ. ವಾಯಿದೆ ನೆನಪಿಟ್ಟುಕೊಂಡವನಿಗೆ ತಾನು ಯಾರಿಗೆ ಏನು ಕೊಡಬೇಕಿದೆ ಎಂಬ ಯೋಚನೆ. ಸಾಲದ ಕಾಗದದಲ್ಲಿ ಬರೆದ ತಾರೀಖಿಗೆ ಯಾವ ಪಾವಿತ್ರ್ಯವೂ ಇಲ್ಲ, ಅದರ ಹಿಂದಿನ ದಿನಕ್ಕೂ ಮುಂದಿನ ದಿನಕ್ಕೂ ಅದಕ್ಕೂ ಯಾವ ಭೇದವೂ ಇಲ್ಲ. ಆದರೂ ಅದು ಬಂದರೆ ಮರ್ಯಾದಸ್ಥನಿಗೆ ನಿದ್ದೆ ಹತ್ತುವುದಿಲ್ಲ.

ಸಾಲದ ಹೋಲಿಕೆಯನ್ನು ನಾನು ಹೊಸದಾಗಿ ತರುತ್ತಿಲ್ಲ. ಹುಟ್ಟುವಾಗಲೇ ಮೂರು ಋಣ ಹೊತ್ತು ಹುಟ್ಟುತ್ತಾನೆ ಎಂದು ತೈತ್ತಿರೀಯ ಸಂಹಿತೆ ಬ್ರಾಹ್ಮಣನ ವಿಷಯದಲ್ಲಿ ಹೇಳುತ್ತದೆ: ಋಷಿಗಳದ್ದು, ದೇವತೆಗಳದ್ದು, ಪಿತೃಗಳದ್ದು. ಶತಪಥ ಬ್ರಾಹ್ಮಣ ಇದನ್ನು ಹುಟ್ಟಿದವರೆಲ್ಲರಿಗೂ ವಿಸ್ತರಿಸಿ, ಮನುಷ್ಯರ ಋಣ ಎಂದು ನಾಲ್ಕನೆಯದನ್ನೂ ಸೇರಿಸಿತು. ಶ್ರಾದ್ಧದ ತಿಥಿ ಈ ಲೆಕ್ಕಪುಸ್ತಕದ ಒಂದು ವಾಯಿದೆ. ಅಂದು ಸತ್ತವರನ್ನು ಹೊಗಳಿ ಭಾಷಣ ಮಾಡುವ ಪದ್ಧತಿ ಇಲ್ಲ. ಎಳ್ಳು, ದರ್ಭೆ, ಪಿಂಡ, ಊಟ ಬೇಕು, ಉಣ್ಣುವುದಕ್ಕೆ ಜನ ಬೇಕು, ಕೊನೆಗೆ ಕಾಗೆಯಾದರೂ ಬೇಕು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ರೀತಿಯಲ್ಲಂತೂ ಇದು ಇನ್ನೂ ನೇರ. ಹೊಸ ಸೀರೆ, ಪಂಚೆ ಮಡಿಸಿಟ್ಟು, ಬಾಳೆಯೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಹೋದವರು ಇಷ್ಟಪಡುತ್ತಿದ್ದರೆ ಎಲೆ-ಅಡಿಕೆ, ಬೀಡಿ, ಹೆಂಡ ಕೂಡ ಇಟ್ಟು, ಬಾಗಿಲು ಮುಚ್ಚಿಕೊಂಡು ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಣ್ಣುತ್ತಾರೋ ಇಲ್ಲವೋ, ಅಜ್ಜನಿಗೆ ಏನು ಇಷ್ಟವಿತ್ತು ಎಂಬುದನ್ನು ನೆನಪಿಟ್ಟು ಅಡುಗೆ ಮಾಡಬೇಕಾಯಿತಲ್ಲ, ನೆನಪು ಎಂದರೆ ಅದೇ. ತೀರಿಸಿ ಮುಗಿಸಲಾಗದ್ದನ್ನು ಸಾಲ ಎನ್ನುವುದು ಹೇಗೆ ಎಂದು ಕೇಳುವವರಿದ್ದಾರೆ. ಅಸಲು ತೀರುವುದಿಲ್ಲ ನಿಜ. ವರ್ಷಕ್ಕೊಮ್ಮೆ ಕಟ್ಟುವುದು ಬಡ್ಡಿಯನ್ನು. ಬಡ್ಡಿ ಕಟ್ಟುತ್ತಿರುವವರೆಗೆ ಸಾಲವನ್ನು ಒಪ್ಪಿಕೊಂಡ ಹಾಗೆ, ನಿಲ್ಲಿಸಿದ ದಿನ ಅಲ್ಲಗಳೆದ ಹಾಗೆ. ಇನ್ನೂ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ತೀರಿಹೋದವರ ತಿಥಿ ಗೊತ್ತಿಲ್ಲದಿದ್ದರೆ ಏನು ಗತಿ? ಅದಕ್ಕೂ ಶಾಸ್ತ್ರದಲ್ಲಿ ದಾರಿಯಿದೆ, ಮಹಾಲಯ ಅಮಾವಾಸ್ಯೆ. ಆ ದಿನ ಎಲ್ಲ ಪಿತೃಗಳಿಗೂ ಸಲ್ಲುತ್ತದೆ. ತಾರೀಖು ತಪ್ಪಿದರೆ ಕೆಲಸ ಕೆಡುವುದಿಲ್ಲ, ಕೊಡುವುದು ತಪ್ಪಿದರೆ ಕೆಡುತ್ತದೆ ಎಂದು ಪಂಚಾಂಗವನ್ನು ಬರೆದವರೇ ಒಪ್ಪಿಕೊಂಡ ಹಾಗಾಯಿತು.

ದಿನಾಚರಣೆಗಳ ಮೇಲಿನ ಒಂದು ಸಾಮಾನ್ಯ ಆಕ್ಷೇಪ ಇಲ್ಲೇ ಬಿದ್ದುಹೋಗುತ್ತದೆ. ಈ ತಾರೀಖುಗಳೆಲ್ಲ ಯಾರೋ ಅನುಕೂಲಕ್ಕೆ ಕಟ್ಟಿದ್ದು, ಚರಿತ್ರೆಗೆ ಸರಿಹೊಂದುವುದಿಲ್ಲ ಎಂಬ ಆಕ್ಷೇಪ ಅದು. ಕಟ್ಟಿದ್ದು ಎಂಬುದು ದಿಟ. ಭಾರತಕ್ಕೆ ಅಧಿಕಾರ ಹಸ್ತಾಂತರಿಸಲು ಮೌಂಟ್‌ಬ್ಯಾಟನ್ ಆಗಸ್ಟ್ 15ನ್ನು ಆರಿಸಿಕೊಂಡದ್ದು 1945ರಲ್ಲಿ ಜಪಾನ್ ಶರಣಾದ ದಿನದ ನೆನಪಿಗೆ. ನಮ್ಮ ಸ್ವಾತಂತ್ರ್ಯದ ತಾರೀಖು ಇನ್ನೊಬ್ಬರ ಗೆಲುವಿನ ವಾರ್ಷಿಕೋತ್ಸವ. ಆ ದಿನ ಒಳ್ಳೆಯದಲ್ಲ ಎಂದು ಜ್ಯೋತಿಷಿಗಳು ತಗಾದೆ ತೆಗೆದರು. ಸಂವಿಧಾನ ಸಭೆ 14ರ ರಾತ್ರಿ 11 ಗಂಟೆಗೇ ಸೇರಿತು. ಪಾಕಿಸ್ತಾನದ್ದು ಇನ್ನೂ ಸ್ವಾರಸ್ಯ. ಬ್ರಿಟಿಷ್ ಸಂಸತ್ತಿನ ಕಾಯ್ದೆ ಎರಡೂ ದೇಶಗಳಿಗೆ ಆಗಸ್ಟ್ 15ನ್ನೇ ಗೊತ್ತುಮಾಡಿತ್ತು, 1948ರ ಜುಲೈನಲ್ಲಿ ಅಲ್ಲಿ ಹೊರಬಂದ ಅಂಚೆಚೀಟಿಗಳ ಮೇಲೂ ಆಗಸ್ಟ್ 15 ಎಂದೇ ಇತ್ತು. ಆ ವರ್ಷದಿಂದ ಹಬ್ಬ 14ಕ್ಕೆ ಸರಿಯಿತು. ಇವೆಲ್ಲಕ್ಕಿಂತ ಅರ್ಥವತ್ತಾದದ್ದು ಜನವರಿ 26. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ಗೊತ್ತುವಳಿ ಮಾಡಿ, ಮರುವರ್ಷದ ಜನವರಿ 26ರಂದು ಊರೂರಲ್ಲಿ ಜನ ಸೇರಿ ಪ್ರತಿಜ್ಞೆ ಸ್ವೀಕರಿಸಬೇಕೆಂದು ಕರೆ ಕೊಟ್ಟಿತು. ಅಂದು ಭಾನುವಾರ. ಪ್ರತಿಜ್ಞೆಯನ್ನು ಅವರವರ ಭಾಷೆಯಲ್ಲಿ ಓದುವುದು, ಜನ ಕೈ ಎತ್ತಿ ಒಪ್ಪುವುದು, ಇಷ್ಟೇ ಕಾರ್ಯಕ್ರಮ. ಆಮೇಲೆ ವರ್ಷ ವರ್ಷವೂ ಅದೇ ಸ್ವಾತಂತ್ರ್ಯ ದಿನವಾಗಿತ್ತು, ಸ್ವಾತಂತ್ರ್ಯ ಬರುವ ಮೊದಲೇ. ನಿಜವಾದ ಸ್ವಾತಂತ್ರ್ಯ ಆಗಸ್ಟಿನಲ್ಲಿ ಬಂದಾಗ ಜನವರಿಯ ಈ ದಿನ ಅನಾಥವಾಯಿತು. 1949ರ ನವೆಂಬರ್ 26ರಂದು ಸಂವಿಧಾನ ಸಿದ್ಧವಾಯಿತು. ಪೌರತ್ವ, ಚುನಾವಣೆಯಂಥ ಕೆಲವು ವಿಧಿಗಳು ಅಂದೇ ಜಾರಿಗೆ ಬಂದವು. ಉಳಿದದ್ದು ಸರಿಯಾಗಿ ಎರಡು ತಿಂಗಳು ಕಾಯಿತು. ಕೈ ಎತ್ತಿ ಆಡಿದ ಮಾತಿಗೆ ಇಪ್ಪತ್ತು ವರ್ಷದ ಮೇಲೆ ಸಂದಾಯವಾಗಬೇಕಿತ್ತು, ಅದಕ್ಕಾಗಿ ಒಂದು ದೇಶದ ಕಾನೂನೇ ತಡೆದು ನಿಂತಿತು. ಗ್ರಹಗತಿ ನೋಡಿ ಇಟ್ಟ ಯಾವ ದಿನಕ್ಕೂ ಈ ಗೌರವ ಸಂದದ್ದಿಲ್ಲ.

ಇನ್ನು ಜಗತ್ತಿನ ಮಟ್ಟದ ದಿನಗಳ ಹುಟ್ಟನ್ನು ಕೆದಕಿದರೆ ಅಲ್ಲೂ ಬುಡದಲ್ಲಿ ಸಿಗುವುದು ಬಾಕಿಯ ಲೆಕ್ಕ. ಎಂಟು ಗಂಟೆಯ ದುಡಿಮೆ ಕೇಳಿ 1886ರ ಮೇ 1ರಂದು ಅಮೆರಿಕದ ಕಾರ್ಮಿಕರು ಮುಷ್ಕರ ಹೂಡಿದರು. ಮೂರು ದಿನದ ಮೇಲೆ ಶಿಕಾಗೋದ ಹೇಮಾರ್ಕೆಟ್‌ನಲ್ಲಿ ಬಾಂಬು, ಗೋಲೀಬಾರು, ಆಮೇಲೆ ನೇಣು. 1889ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮಾಜವಾದಿಗಳು ಅದನ್ನು ಎಲ್ಲ ದೇಶಗಳ ದಿನವಾಗಿಸಿದರು. ನಮ್ಮಲ್ಲಿ 1923ರಲ್ಲಿ ಮದ್ರಾಸಿನ ಕಡಲತಡಿಯಲ್ಲಿ ಸಿಂಗಾರವೇಲು ಚೆಟ್ಟಿಯಾರರು ಅದನ್ನು ಮೊದಲು ಆಚರಿಸಿದರು. ಮಹಿಳಾ ದಿನ ಬೇಕೆಂದು ಕ್ಲಾರಾ ಜೆಟ್ಕಿನ್ 1910ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೂಚಿಸಿದಾಗ ತಾರೀಖು ಇರಲಿಲ್ಲ, ಬೇಡಿಕೆ ಇತ್ತು: ಮತದಾನದ ಹಕ್ಕು. 1911ರಲ್ಲಿ ಅದು ಮಾರ್ಚ್ 19ಕ್ಕೆ ಬಂತು. ಮಾರ್ಚ್ 8 ನಿಂತದ್ದು 1917ರಲ್ಲಿ ಪೆಟ್ರೋಗ್ರಾಡಿನ ಜವಳಿ ಗಿರಣಿಗಳ ಹೆಂಗಸರು ರೊಟ್ಟಿ ಕೇಳಿ ಬೀದಿಗಿಳಿದು ಝಾರನ ಪತನಕ್ಕೆ ನಾಂದಿ ಹಾಡಿದ ಮೇಲೆ. ಅವರ ಅಂದಿನ ಕ್ಯಾಲೆಂಡರಿನಲ್ಲಿ ಅದು ಫೆಬ್ರವರಿ 23. ಇವತ್ತು ನಮ್ಮ ಆಫೀಸುಗಳಲ್ಲಿ ಮಾರ್ಚ್ 8 ಎಂದರೆ ಗುಲಾಬಿ ಹೂವು, ಒಂದೇ ಬಣ್ಣದ ಸೀರೆ, ರಂಗೋಲಿ ಸ್ಪರ್ಧೆ, ಕೇಕು, ಫೋಟೋ. ಸಾಲ ಕೊಟ್ಟವಳ ಬಾಗಿಲಿಗೆ ಸಾಲಗಾರ ಹೂವು ಹಿಡಿದು ಬಂದು, ನಿಮ್ಮಂಥವರು ಇರುವುದರಿಂದಲೇ ಲೋಕ ನಡೆದಿದೆ ಎಂದು ಹೊಗಳಿ, ಕಾಫಿ ಕುಡಿದು ಎದ್ದುಹೋದ ಹಾಗೆ. ಇದೇ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವ ನಿಯಮ ಬದಲಾಯಿತೆಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ಹೊರಬಂದು ಹೊಸೂರು ರಸ್ತೆಯನ್ನು ಕಟ್ಟಿ ಕೂತರು. ಎರಡನೆಯ ದಿನ ಕೇಂದ್ರ ಸರಕಾರ ನಿಯಮವನ್ನು ವಾಪಸು ತೆಗೆದುಕೊಂಡಿತು. ಪೆಟ್ರೋಗ್ರಾಡಿನ ಹೆಂಗಸರಿಗೆ ಇವರಿಗಿಂತ ಹತ್ತಿರದ ನೆಂಟರು ನಮ್ಮ ನಡುವೆ ಇಲ್ಲ. ಆದರೆ ಏಪ್ರಿಲ್ 18, 19ಕ್ಕೆ ಯಾರೂ ಹೆಸರಿಟ್ಟಿಲ್ಲ, ಯಾವ ಆಫೀಸಿನಲ್ಲೂ ಅಂದು ಹೂವು ಹಂಚುವುದಿಲ್ಲ.

ದಿನ ಹುಟ್ಟಿಸಿದವರೇ ಅದನ್ನು ಕೊಲ್ಲಲು ಹೊರಟ ಉದಾಹರಣೆಯೂ ಇದೆ. ಅಮೆರಿಕದ ಆ್ಯನಾ ಜಾರ್ವಿಸ್ ತನ್ನ ತಾಯಿ ತೀರಿಕೊಂಡ ಮೂರು ವರ್ಷಕ್ಕೆ, 1908ರ ಮೇ 10ರಂದು, ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಊರಿನ ಚರ್ಚಿಗೆ ತಾಯಿಗೆ ಇಷ್ಟವಾಗಿದ್ದ 500 ಬಿಳಿಯ ಕಾರ್ನೇಶನ್ ಹೂಗಳನ್ನು ಕಳಿಸಿದಳು. ಒಂದು ಲೆಕ್ಕದಲ್ಲಿ ಅದು ಎಡೆ ಇಟ್ಟಂತೆಯೇ. 1914ರಲ್ಲಿ ಅಧ್ಯಕ್ಷ ವಿಲ್ಸನ್ ಅದನ್ನು ರಾಷ್ಟ್ರದ ದಿನವೆಂದು ಸಾರಿದ. ಹೆಸರು ಏಕವಚನದಲ್ಲೇ ಇರಬೇಕು, ಪ್ರತಿಯೊಬ್ಬರೂ ತಮ್ಮ ತಮ್ಮ ತಾಯಿಯನ್ನು ನೆನೆಯಬೇಕು ಎಂಬುದು ಜಾರ್ವಿಸಳ ಹಟವಾಗಿತ್ತು (ನಾವು ಕನ್ನಡದಲ್ಲಿ ‘ತಾಯಂದಿರ ದಿನ’ ಎಂದು ಬಹುವಚನ ಮಾಡಿಕೊಂಡಿದ್ದೇವೆ, ಅವಳಿಗೆ ಗೊತ್ತಾಗಿದ್ದರೆ ನಮಗೂ ಒಂದು ಪತ್ರ ಬರುತ್ತಿತ್ತು). ಹೂವಿನ ವ್ಯಾಪಾರಿಗಳು, ಮಿಠಾಯಿಯವರು, ಶುಭಾಶಯ ಪತ್ರದವರು ದಿನವನ್ನು ಕೈಗೆ ತೆಗೆದುಕೊಂಡರು. ಅವಳು ಅವರ ಮೇಲೆ ದಾವೆ ಹೂಡಿದಳು, ಸಭೆಗಳಿಗೆ ನುಗ್ಗಿದಳು, ಒಮ್ಮೆ ಬಂಧನಕ್ಕೂ ಒಳಗಾದಳು. 1948ರಲ್ಲಿ ಪೆನ್ಸಿಲ್ವೇನಿಯಾದ ಒಂದು ಶುಶ್ರೂಷಾಲಯದಲ್ಲಿ ಕೈ ಬರಿದಾಗಿ ಸತ್ತಳು. ಪೇಟೆಯ ಕೈಗೆ ಸಿಕ್ಕರೆ ಎಲ್ಲ ದಿನದ ಗತಿಯೂ ಇಷ್ಟೇ, ಆದ್ದರಿಂದ ಆಚರಣೆಯನ್ನೇ ಬಿಡುವುದು ಲೇಸು ಎನ್ನುವವರು ಇವಳನ್ನು ಸಾಕ್ಷಿಗೆ ಕರೆಯಬಹುದು. ನನಗೆ ಅವಳ ಸಾಕ್ಷ್ಯ ಬೇರೆಯಾಗಿ ಕೇಳಿಸುತ್ತದೆ. ತಾಯಿಗೆ ಕೈಬರಹದಲ್ಲಿ ಒಂದು ಕಾಗದ ಬರೆಯುವ ಬದಲು ಅಚ್ಚಾದ ಕಾರ್ಡು ಕೊಂಡು ಕಳಿಸುವವರ ಮೇಲೆ ಅವಳಿಗೆ ಸಿಟ್ಟು. ಕೊಡಬೇಕಾದದ್ದನ್ನು ಕೊಡದೆ ಕೊಟ್ಟಂತೆ ತೋರಿಸುವುದೇ ಅವಳ ದೂರು. ದಿನ ಸುಳ್ಳಾಗಿದ್ದರೆ ಅವಳು ಅಷ್ಟು ಜಗಳವಾಡಬೇಕಾಗಿರಲಿಲ್ಲ.

ದಿನಗಳು ಅತಿಯಾದವು ಎಂದು ಗೊಣಗುವುದೂ ರೂಢಿ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಶೌಚಾಲಯಕ್ಕೊಂದು ದಿನ, ಬೇಳೆಕಾಳಿಗೊಂದು ದಿನ, ಟ್ಯೂನಾ ಮೀನಿಗೂ ಒಂದು ದಿನ ಇದೆ. ಮೀನಿಗೆ ದಿನವೇ ಎಂದು ನಗುವ ಮುಂಚೆ ಅದನ್ನು ಕೇಳಿದವರು ಯಾರು ಎಂದು ನೋಡಬೇಕು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶಗಳು. ಆ ಮೀನೇ ಅವುಗಳ ಬೊಕ್ಕಸ, ದೂರದ ದೇಶಗಳ ಹಡಗುಗಳು ಬಂದು ಅದನ್ನು ಬಾಚುತ್ತಿದ್ದವು. ಬೇರೆಯವರ ದಿನ ಯಾವಾಗಲೂ ಸ್ವಲ್ಪ ಹಾಸ್ಯಾಸ್ಪದವಾಗಿಯೇ ಕಾಣುತ್ತದೆ, ಏಕೆಂದರೆ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರು ಯಾವ ಪುಟದಲ್ಲಿದೆ ಎಂದು ನಾವು ತೆರೆದು ನೋಡಿರುವುದಿಲ್ಲ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ನೆನಪು ಎಂದರೆ ಋಣ ಎಂದಿರಿ, ಆದರೆ ಅದು ಹಗೆಯೂ ಆಗುತ್ತದಲ್ಲ? ವರ್ಷಕ್ಕೊಮ್ಮೆ ಹಳೆಯ ಗಾಯ ಕೆರೆದು, ಅವರು ನಮಗೆ ಹೀಗೆ ಮಾಡಿದರು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ದಿನಗಳು ಯಾವ ದೇಶದಲ್ಲಿ ಇಲ್ಲ? ಇದನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಅದನ್ನು ವಿಮೋಚನೆ ಎನ್ನಬೇಕೋ ವಿಲೀನ ಎನ್ನಬೇಕೋ ಎಂಬ ಜಗಳ ತೆಲಂಗಾಣದಲ್ಲಿ ಪ್ರತಿ ವರ್ಷ ಅದೇ ದಿನ ಹೊತ್ತಿಕೊಳ್ಳುತ್ತದೆ. ನವೆಂಬರ್ 1ನ್ನೇ ನೋಡಿ. 1956ರ ಆ ದಿನ ಕನ್ನಡ ಮಾತಾಡುವ ಸೀಮೆಗಳು ಒಂದಾದವು, 1973ರ ಅದೇ ದಿನ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಗೆ ಅದು ಕರಾಳ ದಿನ. ಕಾಸರಗೋಡಿನ ಕನ್ನಡಿಗರಿಗೆ ಅದು ತಾವು ಕೇರಳದ ಪಾಲಾದ ದಿನ. ಒಂದೇ ತಾರೀಖನ್ನು ಮೂರು ಕಡೆಯವರು ಮೂರು ರೀತಿ ಎಳೆಯುತ್ತಾರೆ, ಮೂವರದ್ದೂ ಸುಳ್ಳಲ್ಲ. ನಾನು ಕೊಡಬಲ್ಲ ಉತ್ತರ ಇಷ್ಟು: ಊರವರೆಲ್ಲ ನನಗೆ ಕೊಡಬೇಕಾದದ್ದನ್ನು ಮಾತ್ರ ಎಣಿಸುವ ದಿನ ಬರಬರುತ್ತ ಹಗೆಯಾಗಿ ಹುಳಿಯುತ್ತದೆ. ನ್ಯಾಯ ಕೇಳುವವರಿಗೆ ಆ ಎಣಿಕೆ ಬೇಕೇಬೇಕು, ಅದನ್ನು ಬಿಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಯಾರೂ ಕೊಟ್ಟವರು ಮಾತ್ರವಾಗಿರುವುದಿಲ್ಲ. ಪುಸ್ತಕದ ಇನ್ನೊಂದು ಪುಟದಲ್ಲಿ ನಮ್ಮ ಹೆಸರಿನ ಮುಂದೆಯೂ ಬಾಕಿ ಬರೆದಿರುತ್ತದೆ. ಆ ಪುಟವನ್ನೂ ತೆರೆಸುವ ದಿನ ದೊಡ್ಡದು.

ಫೆಬ್ರವರಿ 21 ಅಂಥದ್ದು. 1952ರಲ್ಲಿ ಅಂದು ಢಾಕಾದಲ್ಲಿ ಬಂಗಾಳಿಯನ್ನೂ ಪಾಕಿಸ್ತಾನದ ರಾಷ್ಟ್ರಭಾಷೆಯಾಗಿಸಬೇಕೆಂದು ನಿಷೇಧಾಜ್ಞೆ ಮುರಿದು ಹೊರಟ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ನೆನಪಿಗೆ ವಿದ್ಯಾರ್ಥಿಗಳು ರಾತ್ರೋರಾತ್ರಿ ಕಟ್ಟಿದ ಸ್ಮಾರಕವನ್ನು ಪೊಲೀಸರು ಕೆಲವೇ ದಿನಗಳಲ್ಲಿ ಕೆಡವಿದರು. ಅದು ಮತ್ತೆ ಎದ್ದಿತು. ಇಂದಿಗೂ ಆ ದಿನ ಬಾಂಗ್ಲಾದೇಶದಲ್ಲಿ ಜನ ಬೆಳಗಿನ ಜಾವ ಚಪ್ಪಲಿ ಬಿಟ್ಟು, ಹೂವು ಹಿಡಿದು, ಬರಿಗಾಲಲ್ಲಿ ಶಹೀದ್ ಮಿನಾರಿಗೆ ನಡೆಯುತ್ತಾರೆ. ಯುನೆಸ್ಕೋ 1999ರಲ್ಲಿ ಅದನ್ನು ಎಲ್ಲರ ತಾಯ್ನುಡಿಯ ದಿನವಾಗಿ ಒಪ್ಪಿಕೊಂಡಿತು, 2000ದಿಂದ ಆಚರಣೆಗೆ ಬಂತು. ನಾವೂ ಅಂದು ಕನ್ನಡದ ಹಿರಿಮೆಯನ್ನು ಸಾರುತ್ತೇವೆ. ಆದರೆ ನವೆಂಬರ್ 1ರಂದು ಬಾಕಿ ಕೇಳುವ ಕನ್ನಡ ಫೆಬ್ರವರಿ 21ರಂದು ಬಾಕಿ ಕೊಡಬೇಕಾದ ಕನ್ನಡವೂ ಹೌದು. ಅಪಾಯದಲ್ಲಿರುವ ಭಾಷೆಗಳ ಯುನೆಸ್ಕೋ ಪಟ್ಟಿಯಲ್ಲಿ ತುಳು ಇದೆ, ಕೊಡವ ಇದೆ, ಕೊರಗ ಇದೆ. ಬಾಕಿ ಭಾಷೆಯದಷ್ಟೇ ಅಲ್ಲ. ಕರಾವಳಿಯಲ್ಲಿ ಬೇರೆಯವರ ಹಬ್ಬ, ಉತ್ಸವ, ಕಂಬಳಗಳಿಗೆ ಡೋಲು ಬಾರಿಸಲು ಕೊರಗರನ್ನು ಕರೆದು, ಅವರಿಂದ ಹೇಳಬಾರದ್ದನ್ನೆಲ್ಲ ಮಾಡಿಸುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನಿನ ಮೂಲಕ ನಿಷೇಧಿಸಿದ್ದೂ 2000ದಲ್ಲೇ. ಆ ಹಬ್ಬಗಳ ದಿನಗಳಿಗೆಲ್ಲ ಹೆಸರಿತ್ತು, ಮುಹೂರ್ತವಿತ್ತು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇವತ್ತು 22 ಭಾಷೆಗಳಿವೆ. ಕೊರಗ, ಕೊಡವ ಇರಲಿ, ತುಳುವೂ ಅದರಲ್ಲಿ ಇನ್ನೂ ಇಲ್ಲ.